ಹೆತ್ತವರನ್ನು ಕೈಬಿಟ್ಟರೆ ಆಸ್ತಿ ವಾಪಸ್ ಬರುತ್ತದೆಯೇ? ಕರ್ನಾಟಕದಲ್ಲಿ ಹಿರಿಯ ನಾಗರಿಕರ ಕಾನೂನಿನ ಒಳಹೊರಗು

ವಯಸ್ಸಾದ ತಂದೆ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ಅವರು ಚೇತರಿಸಿಕೊಂಡ ಮೇಲೂ ಕರೆದೊಯ್ಯಲು ಬಾರದ ಮಕ್ಕಳ ವಿಷಯ 2025ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂಬ ಮಾಹಿತಿ ಮುಂದೆ ಬಂದಾಗ, ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಅವರು ಅಂಥ ಮಕ್ಕಳ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡುವಂತೆಯೂ, ಅವರ ಹೆಸರಿಗೆ ಆಗಿರುವ ಆಸ್ತಿ ವರ್ಗಾವಣೆ ಮತ್ತು ವಿಲ್‌ಗಳನ್ನು ರದ್ದುಪಡಿಸಲು ಕ್ರಮ ಜರುಗಿಸುವಂತೆಯೂ ಸೂಚಿಸಿದರು. ಅದೇ ವರ್ಷ, ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಮಕ್ಕಳು ಹೆತ್ತವರಿಗೆ ಕೊಡಬೇಕಾದ ಜೀವನಾಂಶಕ್ಕೆ ಇರುವ ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಮಿತಿಯನ್ನು ಮರುಪರಿಶೀಲಿಸಬೇಕೆಂದು ಕರ್ನಾಟಕ ಹೈಕೋರ್ಟ್ ಕೇಂದ್ರ ಸರ್ಕಾರಕ್ಕೆ ಹೇಳಿತು. ಒಂದು ಕಡೆ ಕಾನೂನು ಬಹಳ ಬಲವಾಗಿದೆ ಎಂಬಂತೆ, ಇನ್ನೊಂದು ಕಡೆ ಅದಕ್ಕೆ ಬಲವೇ ಇಲ್ಲ ಎಂಬಂತೆ ಸುದ್ದಿಗಳು ಬಂದವು.

ಇವನ್ನು ಓದಿ ಎರಡು ಬಗೆಯ ತಪ್ಪು ತಿಳಿವಳಿಕೆ ಹರಡುವುದು ಸಹಜ. ಇಪ್ಪತ್ತು ವರ್ಷದ ಹಿಂದೆ ಮಗನ ಹೆಸರಿಗೆ ಜಮೀನು ಮಾಡಿಕೊಟ್ಟ ತಂದೆಗೆ, ಒಂದು ಅರ್ಜಿ ಹಾಕಿದರೆ ಪಹಣಿಯಲ್ಲಿ ತನ್ನ ಹೆಸರು ಮತ್ತೆ ಬಂದು ಕೂರುತ್ತದೆ ಎನ್ನಿಸಬಹುದು. ಪಾಲುಪಟ್ಟಿಯಲ್ಲಿ ತನಗೆ ಬಂದ ಮನೆಯಲ್ಲಿ ವಾಸಿಸುವ ಮಗನಿಗೆ, ಅಪ್ಪ ಮುನಿಸಿಕೊಂಡರೆ ಮನೆಯೇ ಕೈಬಿಟ್ಟುಹೋಗುತ್ತದೆ ಎನ್ನಿಸಬಹುದು. ಎರಡೂ ಸರಿಯಲ್ಲ. ಆಸ್ತಿ ವರ್ಗಾವಣೆಯ ರದ್ದತಿ ಈ ಕಾನೂನಿನ ಒಂದೇ ಒಂದು ಕಲಂ. ಅದರ ಬಾಗಿಲು ಜನ ತಿಳಿದಿರುವುದಕ್ಕಿಂತ ಕಿರಿದು. ಆಸ್ಪತ್ರೆಯ ವಾರ್ಡಿನಲ್ಲೇ ಉಳಿದುಹೋದ ವೃದ್ಧರಿಗೆ ನಿಜಕ್ಕೂ ಬೇಕಾಗಿರುವುದು ಹೆಚ್ಚಾಗಿ ಅದೇ ಕಾನೂನಿನ ಬೇರೆ ಕಲಂಗಳು, ಮತ್ತು ಅವು ಮಕ್ಕಳ ಮೇಲಲ್ಲ, ಸರ್ಕಾರದ ಮೇಲೆ ಹೊಣೆ ಹೊರಿಸುವಂಥವು.

ಕಾನೂನಿನ ಚೌಕಟ್ಟು

ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಸಂಸತ್ತು 2007ರಲ್ಲಿ ಅಂಗೀಕರಿಸಿತು. ಪ್ರತಿ ರಾಜ್ಯದಲ್ಲೂ, ಆ ರಾಜ್ಯ ಅಧಿಸೂಚಿಸಿದ ದಿನದಿಂದ ಅದು ಜಾರಿಗೆ ಬರುತ್ತದೆ. ಕರ್ನಾಟಕದಲ್ಲಿ ಆ ದಿನ 2008ರ ಏಪ್ರಿಲ್ 1. ಮುಂದಿನ ವರ್ಷ ರಾಜ್ಯದ ನಿಯಮಗಳು ಬಂದವು. ಉಪವಿಭಾಗಾಧಿಕಾರಿ, ಅಂದರೆ ಜನ ಎಸಿ ಎಂದು ಕರೆಯುವ ಅಧಿಕಾರಿ, ಇಲ್ಲಿ ನ್ಯಾಯಮಂಡಳಿಯ ಮುಖ್ಯಸ್ಥರು. ಅವರ ಆದೇಶದ ಮೇಲಿನ ಮೇಲ್ಮನವಿ ಜಿಲ್ಲಾಧಿಕಾರಿಗೆ ಹೋಗುತ್ತದೆ. ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಯುವ ಶಕ್ತಿ ಎಪ್ಪತ್ತು ದಾಟಿದವರಿಗೆ ಇರುವುದಿಲ್ಲ ಎಂಬ ಕಾರಣಕ್ಕೇ ಈ ಏರ್ಪಾಡು.

ಜೀವನಾಂಶ ಕೇಳಲು ತಂದೆ ತಾಯಿಗೆ ಅರವತ್ತು ತುಂಬಿರಬೇಕೆಂದಿಲ್ಲ. ತಮ್ಮ ಸಂಪಾದನೆಯಿಂದ ಅಥವಾ ಆಸ್ತಿಯಿಂದ ಬದುಕು ನಡೆಸಲು ಆಗದಿದ್ದರೆ ಸಾಕು. ಮಕ್ಕಳಿಲ್ಲದ ಹಿರಿಯ ನಾಗರಿಕರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಅದಕ್ಕೆ ವಾರಸುದಾರರಾಗಲಿರುವ ಸಂಬಂಧಿಯಿಂದ ಕೇಳಬಹುದು. ಅರ್ಜಿಯನ್ನು ಸ್ವತಃ ಕೊಡಬಹುದು, ಶಕ್ತಿಯಿಲ್ಲದಿದ್ದರೆ ತಾವು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಮೂಲಕ ಕೊಡಬಹುದು, ನ್ಯಾಯಮಂಡಳಿಯೇ ಸ್ವಯಂಪ್ರೇರಿತವಾಗಿಯೂ ಪ್ರಕರಣ ಕೈಗೆತ್ತಿಕೊಳ್ಳಬಹುದು. ನೋಟಿಸ್ ತಲುಪಿದ 90 ದಿನಗಳೊಳಗೆ ಜೀವನಾಂಶದ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಮಾತ್ರ ಇನ್ನೂ 30 ದಿನ. ಇದರ ಜೊತೆಗೆ 24ನೇ ಕಲಂ ಇದೆ: ಪಾಲನೆಯ ಹೊಣೆ ಹೊತ್ತವರು ಹಿರಿಯರನ್ನು ಸಂಪೂರ್ಣ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಕೃತ್ಯಕ್ಕೆ ನೇರವಾಗಿ ಅನ್ವಯಿಸುವ ಕಲಂ ಇದೇ. ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ಪ್ರಕರಣ ದಾಖಲಿಸಬಹುದಾದ ಅಪರಾಧ ಇದು. ಆದರೂ ಸಚಿವರ ಮಾತಿನಲ್ಲಾಗಲಿ, ನಂತರದ ಚರ್ಚೆಯಲ್ಲಾಗಲಿ ಎದ್ದು ಕಂಡದ್ದು ಆಸ್ತಿ ರದ್ದತಿ. ಜೈಲಿಗಿಂತ ಸೈಟು ಹೋಗುವ ಭಯ ಹೆಚ್ಚು ಕೆಲಸ ಮಾಡುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದರೆ ಆಶ್ಚರ್ಯವಿಲ್ಲ.

ವಿಲ್ ರದ್ದತಿಗೆ ಯಾರ ಅಪ್ಪಣೆಯೂ ಬೇಡ

ಗೊಂದಲದ ಮೊದಲ ಗಂಟು ಇಲ್ಲಿದೆ. ವಿಲ್ ಎಂಬುದು ಬರೆದವರು ತೀರಿಕೊಂಡ ಮೇಲಷ್ಟೇ ಜೀವ ತಳೆಯುವ ದಾಖಲೆ. ಅವರು ಬದುಕಿರುವವರೆಗೆ ಮಗನಿಗಾಗಲಿ ಮಗಳಿಗಾಗಲಿ ಅದರಿಂದ ಯಾವ ಹಕ್ಕೂ ಬಂದಿರುವುದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಪ್ರಕಾರ ವಿಲ್ ಬರೆದವರು ಬುದ್ಧಿ ಸ್ವಾಧೀನದಲ್ಲಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹರಿದು ಹಾಕಬಹುದು, ಹೊಸದಾಗಿ ಬರೆಯಬಹುದು. ಅದು ನೋಂದಣಿಯಾಗಿದ್ದರೂ ಅಷ್ಟೇ. ಹಾಗಾಗಿ ವಿಲ್ ರದ್ದುಪಡಿಸಿ ಎಂದು ಎಸಿ ಬಳಿಗೆ ಹೋಗುವ ಅಗತ್ಯವೇ ಇಲ್ಲ. ಬೇರೆ ಯಾರಾದರೂ, ಅದು ಸರ್ಕಾರಿ ಅಧಿಕಾರಿಯೇ ಆಗಿರಲಿ, ಬದುಕಿರುವ ವ್ಯಕ್ತಿಯ ವಿಲ್ಲನ್ನು ಅವರ ಪರವಾಗಿ ರದ್ದು ಮಾಡುವುದಕ್ಕೂ ಆಗುವುದಿಲ್ಲ.

ದಾನಪತ್ರ ಇದಕ್ಕೆ ತದ್ವಿರುದ್ಧ. ಆಸ್ತಿ ವರ್ಗಾವಣೆ ಕಾಯ್ದೆಯಂತೆ, ನೋಂದಣಿಯಾಗಿ ದಾನ ಪಡೆದವರು ಸ್ವೀಕರಿಸಿದ ಕೂಡಲೇ ಒಡೆತನ ದಾಟಿಹೋಗುತ್ತದೆ. ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ಕೊಟ್ಟವರು ಒಬ್ಬರೇ ಹೋಗಿ ಹಿಂದಕ್ಕೆ ಪಡೆಯಲಾಗದು. ವಂಚನೆ ಅಥವಾ ಒತ್ತಡದಿಂದ ಬರೆಸಿಕೊಂಡರು ಎಂದು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು, ಅದೂ ವಿಷಯ ಗೊತ್ತಾದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಇಷ್ಟಿದ್ದರೂ ಜನ ವಿಲ್‌ಗಿಂತ ದಾನಪತ್ರಕ್ಕೇ ಒಲಿಯುವುದಕ್ಕೆ ಕಾರಣಗಳಿವೆ. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಆಸ್ತಿಯ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿಲ್ಲ, ಸಣ್ಣದೊಂದು ನಿಗದಿತ ಮೊತ್ತದಲ್ಲಿ ಮುಗಿಯುತ್ತದೆ. ಮಗನಿಗೆ ಸಾಲ ಬೇಕಿದ್ದರೆ ಖಾತೆ ಅವನ ಹೆಸರಿನಲ್ಲಿರಬೇಕು ಎಂದು ಬ್ಯಾಂಕು ಕೇಳುತ್ತದೆ. ತಾನು ಹೋದ ಮೇಲೆ ಮಕ್ಕಳು ಕೋರ್ಟು ಮೆಟ್ಟಿಲು ಹತ್ತಬಾರದು, ಕಣ್ಣ ಮುಂದೆಯೇ ಎಲ್ಲ ಇತ್ಯರ್ಥವಾಗಲಿ ಎಂಬ ಆಸೆ ಹಿರಿಯರಿಗೂ ಇರುತ್ತದೆ. ಹೀಗೆ ವಿಲ್‌ನಲ್ಲಿ ಉಳಿಯುತ್ತಿದ್ದ ಹಿಡಿತವನ್ನು ದಾನಪತ್ರಕ್ಕೆ ಸಹಿ ಹಾಕಿದ ಒಂದೇ ದಿನದಲ್ಲಿ ಕಳೆದುಕೊಳ್ಳುತ್ತಾರೆ.

23ನೇ ಕಲಂ ಕೇಳುವ ಷರತ್ತು

ಆ ಕಳೆದುಹೋದ ಹಿಡಿತವನ್ನು ಮರಳಿ ಕೊಡಲೆಂದೇ 23ನೇ ಕಲಂ ಇರುವುದು. ಅದು ಹೇಳುವುದು ಇಷ್ಟು: ಕಾಯ್ದೆ ಜಾರಿಗೆ ಬಂದ ಮೇಲೆ, ಹಿರಿಯ ನಾಗರಿಕರೊಬ್ಬರು ದಾನವಾಗಿ ಅಥವಾ ಬೇರೆ ರೀತಿಯಲ್ಲಿ ತಮ್ಮ ಆಸ್ತಿಯನ್ನು ವರ್ಗಾಯಿಸಿ, ತಮಗೆ ಮೂಲ ಸೌಕರ್ಯ ಮತ್ತು ದೈಹಿಕ ಅಗತ್ಯಗಳನ್ನು ಪೂರೈಸಬೇಕೆಂಬ ಷರತ್ತು ಹಾಕಿದ್ದು, ಪಡೆದವರು ಅದನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ವಂಚನೆ ಅಥವಾ ಒತ್ತಡದಿಂದ ಆದದ್ದೆಂದು ಭಾವಿಸಿ, ಕೊಟ್ಟವರ ಇಚ್ಛೆಯಂತೆ ನ್ಯಾಯಮಂಡಳಿ ಅನೂರ್ಜಿತಗೊಳಿಸಬಹುದು.

ಇದರ ಒಂದೊಂದು ತುಂಡೂ ಒಂದೊಂದು ಜರಡಿ. 2008ರ ಏಪ್ರಿಲ್‌ಗೆ ಮುಂಚಿನ ಪತ್ರಗಳು ಕರ್ನಾಟಕದಲ್ಲಿ ಈ ಕಲಂನ ವ್ಯಾಪ್ತಿಗೇ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ವಿಭಾಗಪತ್ರದಲ್ಲಿ ಮಗನಿಗೆ ಬಂದದ್ದು ಅವನದೇ ಪಾಲು. ಅದನ್ನು ತಂದೆ ಕೊಟ್ಟ ಆಸ್ತಿ ಎಂದು ವಾದಿಸುವುದು ಕಷ್ಟ. ರದ್ದತಿಗೆ ಕೊಟ್ಟವರ ಇಚ್ಛೆ ಬೇಕು, ಅಂದರೆ ಆಸ್ಪತ್ರೆಯ ಅಧೀಕ್ಷಕರ ಪತ್ರವೊಂದರಿಂದಲೇ ದಾನಪತ್ರ ಬೀಳುವುದಿಲ್ಲ. ಅರ್ಜಿ ಹಾಕುವ ಶಕ್ತಿ ಇಲ್ಲದವರ ಪರವಾಗಿ ನೋಂದಾಯಿತ ಸಂಸ್ಥೆ ಮುಂದೆ ಬರಬಹುದು ಎಂಬ ಅವಕಾಶವನ್ನು ಅದೇ ಕಲಂ ಕೊಟ್ಟಿದೆಯಾದರೂ, ಅಂಥ ಸಂಸ್ಥೆ ಪ್ರತಿ ತಾಲ್ಲೂಕಿನಲ್ಲಿ ಎಲ್ಲಿದೆ ಎಂಬುದು ಬೇರೆ ಪ್ರಶ್ನೆ.

ಎಲ್ಲಕ್ಕಿಂತ ದೊಡ್ಡ ಜರಡಿ ಷರತ್ತಿನದು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳ ಮುಂದೆ ತಯಾರಾಗುವ ದಾನಪತ್ರಗಳನ್ನು ಓದಿದರೆ ಕಾರಣ ತಿಳಿಯುತ್ತದೆ. “ನೀನು ನನ್ನ ಮಗನಾಗಿದ್ದು, ನಿನ್ನ ಮೇಲಿನ ಪ್ರೀತಿ ವಿಶ್ವಾಸದಿಂದ ಯಾವುದೇ ಪ್ರತಿಫಲ ಪಡೆಯದೆ ಈ ಸ್ವತ್ತನ್ನು ದಾನವಾಗಿ ಕೊಟ್ಟು ಈ ದಿನವೇ ನಿನ್ನ ಸ್ವಾಧೀನಕ್ಕೆ ಬಿಟ್ಟಿರುತ್ತೇನೆ, ಇನ್ನು ಮುಂದೆ ಸದರಿ ಸ್ವತ್ತಿನ ಮೇಲೆ ನನಗಾಗಲಿ ನನ್ನ ಇತರ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ” ಎಂಬ ಧಾಟಿಯ ಒಕ್ಕಣೆ ಪತ್ರ ಬರಹಗಾರರ ಕೈಗೆ ಒಗ್ಗಿಹೋಗಿದೆ. ಈ ವಾಕ್ಯದಲ್ಲಿ ಪ್ರೀತಿ ಇದೆ, ಷರತ್ತು ಇಲ್ಲ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಅಭಯ್ ಓಕಾ ಅವರ ಪೀಠದ ಮೂಲಕ, ಇದನ್ನೇ ಹೇಳಿತು: ಪ್ರೀತಿ ವಿಶ್ವಾಸದಿಂದ ಕೊಟ್ಟಾಗ ನೋಡಿಕೊಳ್ಳುತ್ತಾರೆಂಬ ನಿರೀಕ್ಷೆ ಇರಬಹುದು, ಆದರೆ ನಿರೀಕ್ಷೆಯೇ ಷರತ್ತಾಗುವುದಿಲ್ಲ, ಷರತ್ತು ಇತ್ತೆಂದು ತೋರಿಸದೆ 23ನೇ ಕಲಂ ಬಳಸಲಾಗದು.

2025ರ ಜನವರಿ 2ರಂದು ಅದೇ ನ್ಯಾಯಾಲಯದ ಮತ್ತೊಂದು ಪೀಠ, ನ್ಯಾಯಮೂರ್ತಿ ಸಿ.ಟಿ. ರವಿಕುಮಾರ್ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಅವರದು, ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರವನ್ನು ರದ್ದುಗೊಳಿಸಿದ ಆದೇಶವನ್ನು ಎತ್ತಿಹಿಡಿಯಿತು. ಇದು ಹಿರಿಯರ ಹಿತಕ್ಕಾಗಿ ಬಂದ ಕಾನೂನು, ಉದಾರವಾಗಿ ಅರ್ಥೈಸಬೇಕು ಎಂಬುದು ಅಲ್ಲಿನ ತರ್ಕ. ಪತ್ರಿಕೆಗಳ ತಲೆಬರಹಗಳು ಇಷ್ಟನ್ನೇ ಹಿಡಿದವು. ಆದರೆ ಆ ಪ್ರಕರಣದಲ್ಲಿ ಮಗ ದಾನಪತ್ರದ ಜೊತೆಗೇ, ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಎಂಬ ವಚನಪತ್ರವನ್ನೂ ಬರೆದುಕೊಟ್ಟಿದ್ದ. ಅಂದರೆ ಷರತ್ತು ಬೇಡ ಎಂದು ನ್ಯಾಯಾಲಯ ಹೇಳಲಿಲ್ಲ; ದಾನಪತ್ರವನ್ನು ಉಳಿಸಿದ್ದ ಅಲ್ಲಿನ ಹೈಕೋರ್ಟ್, ಇರುವ ಷರತ್ತನ್ನು ತೀರಾ ಬಿಗಿಯಾಗಿ ಓದಿತು ಎಂದಿತು. ಎರಡು ತೀರ್ಪುಗಳು ಪರಸ್ಪರ ವಿರುದ್ಧ ಎಂಬಂತೆ ಕಂಡರೂ, ಏನೂ ಬರೆಯದ ದಾನಪತ್ರದ ಮಟ್ಟಿಗೆ 2022ರ ತೀರ್ಪೇ ಇನ್ನೂ ದಾರಿಗೆ ಅಡ್ಡ ನಿಂತಿದೆ ಎಂಬುದು ಎಚ್ಚರದ ಓದು.

ಇದರ ಪರಿಣಾಮ ಪ್ರಾಯೋಗಿಕವಾದದ್ದು. “ನನ್ನ ಜೀವಿತಾವಧಿಯವರೆಗೆ ಊಟ, ವಸತಿ, ಬಟ್ಟೆ, ಔಷಧೋಪಚಾರ ಒದಗಿಸತಕ್ಕದ್ದು, ತಪ್ಪಿದಲ್ಲಿ ಈ ಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ನನಗಿರುತ್ತದೆ” ಎಂಬ ಒಂದು ಸಾಲು ದಾನಪತ್ರದಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಹತ್ತು ವರ್ಷದ ನಂತರದ ಪ್ರಕರಣ ನಿಲ್ಲುತ್ತದೆ ಅಥವಾ ಬೀಳುತ್ತದೆ. ಆ ಸಾಲು ಬರೆಸುವಾಗ ಮಗನ ಎದುರಿಗೆ ಕೂತ ತಾಯಿಗೆ ಮುಜುಗರವಾಗುವುದು ನಿಜ. ಹಾಗಿದ್ದರೆ ಬದುಕಿರುವವರೆಗೆ ಮನೆಯಲ್ಲಿ ವಾಸಿಸುವ, ಬಾಡಿಗೆ ಪಡೆಯುವ ಹಕ್ಕನ್ನು ತನಗೇ ಉಳಿಸಿಕೊಂಡು ಕೊಡುವ ದಾರಿ ಇದೆ. ಏನೂ ಕೊಡದೆ ವಿಲ್ ಮಾತ್ರ ಬರೆದಿಡುವ ದಾರಿಯಂತೂ ಇದ್ದೇ ಇದೆ.

ಮನೆ ಖಾಲಿ ಮಾಡಿಸುವ ಅಧಿಕಾರ

ಕಾಯ್ದೆಯಲ್ಲಿ ಮಕ್ಕಳನ್ನು ಮನೆಯಿಂದ ಹೊರಹಾಕುವ ಬಗ್ಗೆ ನೇರವಾದ ಮಾತಿಲ್ಲ. ಆದರೂ ಹಿರಿಯರ ರಕ್ಷಣೆಗೆ ಅನಿವಾರ್ಯವಾದಾಗ ನ್ಯಾಯಮಂಡಳಿ ಹಾಗೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ ಒಪ್ಪಿದೆ. 2025ರ ಮಾರ್ಚ್‌ನ ತೀರ್ಪೊಂದರಲ್ಲಿ, ಅಧಿಕಾರ ಇದೆ ಎಂದ ಮಾತ್ರಕ್ಕೆ ಪ್ರತಿ ಪ್ರಕರಣದಲ್ಲೂ ಅದನ್ನು ಬಳಸಬೇಕೆಂದಿಲ್ಲ ಎಂದೂ ಸೇರಿಸಿದೆ.

ಇದರ ಇನ್ನೊಂದು ಮುಖ ನಮ್ಮ ಬೆಂಗಳೂರಿನ ಪ್ರಕರಣದಿಂದಲೇ ದೇಶಕ್ಕೆ ಗೊತ್ತಾಯಿತು. ಅತ್ತೆ ಮಾವ ಈ ಕಾಯ್ದೆಯಡಿ ಅರ್ಜಿ ಹಾಕಿ, ಗಂಡನಿಂದ ದೂರವಾಗಿದ್ದ ಸೊಸೆಯನ್ನು ಮನೆ ಬಿಡಿಸುವ ಆದೇಶ ಪಡೆದಿದ್ದರು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿಟ್ಟು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005 ಮಹಿಳೆಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ತ್ವರಿತ ವಿಚಾರಣೆಯಲ್ಲಿ ನುಂಗಿಹಾಕುವಂತಿಲ್ಲ, ಎರಡೂ ದುರ್ಬಲರಿಗಾಗಿಯೇ ಬಂದ ಕಾನೂನುಗಳು, ಒಂದಕ್ಕೊಂದು ಹೊಂದಿಸಿ ಓದಬೇಕು ಎಂದಿತು.

ಎಸಿ ಕಚೇರಿಯ ಸುತ್ತ ಎರಡು ವಾದ

ಹಿರಿಯರ ಪರ ಕೆಲಸ ಮಾಡುವವರ ವಾದ ಸರಳ. ವಕೀಲರ ಶುಲ್ಕವಿಲ್ಲದೆ, ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯಿಂದಲೂ ಪ್ರಕರಣ ಆರಂಭವಾಗುವ ವ್ಯವಸ್ಥೆ ಇನ್ನೊಂದಿಲ್ಲ. ಕಾಯ್ದೆಯ ಮೂಲ ಪಠ್ಯ ಎರಡೂ ಕಡೆ ವಕೀಲರ ಪ್ರಾತಿನಿಧ್ಯವನ್ನೇ ನಿರಾಕರಿಸುತ್ತದೆ. ನೋಟಿಸ್ ಹೋದ ಕೂಡಲೇ ಅನೇಕ ಮಕ್ಕಳು ರಾಜಿಗೆ ಬರುತ್ತಾರೆ ಎಂಬುದು ಅವರ ಅನುಭವದ ಮಾತು. ವಾಸ್ತವವಾಗಿ ಕಾಯ್ದೆಯೂ ಮೊದಲು ಸಂಧಾನಾಧಿಕಾರಿಯ ಮೂಲಕ ಒಪ್ಪಂದಕ್ಕೆ ಯತ್ನಿಸುವ ಅವಕಾಶ ಇಟ್ಟಿದೆ. ರದ್ದತಿಯ ಅಧಿಕಾರ ನಿಜವಾಗಿ ಬಳಕೆಯಾಗದಿದ್ದರೂ, ಇದೆ ಎಂಬ ಅರಿವೇ ಮನೆಯೊಳಗಿನ ತಕ್ಕಡಿಯನ್ನು ಸ್ವಲ್ಪ ಹಿರಿಯರ ಕಡೆಗೆ ವಾಲಿಸುತ್ತದೆ.

ವಿರುದ್ಧದ ವಾದವೂ ಹಗುರವಾದದ್ದಲ್ಲ. ಎಸಿ ಕಂದಾಯ ಇಲಾಖೆಯ ಅಧಿಕಾರಿ. ಪಹಣಿ ತಕರಾರು, ಭೂಸ್ವಾಧೀನ, ಚುನಾವಣೆ, ಕಾನೂನು ಸುವ್ಯವಸ್ಥೆ, ಗಣ್ಯರ ಭೇಟಿ, ಇವೆಲ್ಲದರ ನಡುವೆ ವಾರದಲ್ಲಿ ಒಂದೋ ಎರಡೋ ಮಧ್ಯಾಹ್ನ ನಡೆಯುವ ವಿಚಾರಣೆಯಲ್ಲಿ, ಸಾಕ್ಷಿಗಳ ಪಾಟಿ ಸವಾಲಿಲ್ಲದೆ ಕೋಟಿ ಬೆಲೆಯ ಆಸ್ತಿಯ ಒಡೆತನ ತೀರ್ಮಾನವಾಗುವುದು ಸರಿಯೇ ಎಂಬ ಪ್ರಶ್ನೆ ಇದೆ. ಅಣ್ಣತಮ್ಮಂದಿರ ಜಗಳದಲ್ಲಿ ತಂದೆಯನ್ನು ತನ್ನ ಮನೆಯಲ್ಲಿಟ್ಟುಕೊಂಡವನು, ತಂದೆಯ ಹೆಬ್ಬೆಟ್ಟಿನ ಮೂಲಕ ಇನ್ನೊಬ್ಬನ ದಾನಪತ್ರವನ್ನು ರದ್ದು ಮಾಡಿಸುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ದಾನ ಪಡೆದವನು ಆ ಆಸ್ತಿಯನ್ನು ಮೂರನೆಯವರಿಗೆ ಮಾರಿಬಿಟ್ಟಿದ್ದರೆ ಹಣ ಕೊಟ್ಟು ಕೊಂಡವರ ಗತಿ ಏನೆಂಬುದಕ್ಕೂ ಕಾಯ್ದೆಯಲ್ಲಿ ಪೂರ್ಣ ಉತ್ತರವಿಲ್ಲ. ಎರಡನೆಯ ವಾದದಲ್ಲಿ ತೂಕ ಇದೆ ಎಂದೇ ಈ ಲೇಖಕನ ಅಭಿಪ್ರಾಯ. ಆದರೆ ಅದರ ಪರಿಹಾರ ನ್ಯಾಯಮಂಡಳಿಯ ಅಧಿಕಾರ ಕಿತ್ತುಕೊಳ್ಳುವುದಲ್ಲ, ಕಾರಣಸಹಿತ ಆದೇಶ ಬರೆಯುವಷ್ಟು ಸಮಯ ಮತ್ತು ಸಿಬ್ಬಂದಿಯನ್ನು ಅದಕ್ಕೆ ಕೊಡುವುದು. ಅವಸರದ, ಕಾರಣ ಕೊಡದ ಆದೇಶ ಹೈಕೋರ್ಟ್‌ನಲ್ಲಿ ತಡೆಯಾಜ್ಞೆಗೆ ಸುಲಭವಾಗಿ ತುತ್ತಾಗುತ್ತದೆ. ತಡೆಯಾಜ್ಞೆ ಬಂದರೆ, ಯಾವ ವರ್ಷಗಳನ್ನು ಉಳಿಸಲು ಈ ಕಾನೂನು ಬಂತೋ ಅವೇ ವರ್ಷಗಳು ಮತ್ತೆ ಹೋಗುತ್ತವೆ.

ಹತ್ತು ಸಾವಿರದ ಗೆರೆ

ಜೀವನಾಂಶದ ಗರಿಷ್ಠ ಮೊತ್ತವನ್ನು ರಾಜ್ಯ ನಿಗದಿ ಮಾಡಬಹುದು, ಆದರೆ ಅದು ತಿಂಗಳಿಗೆ 10,000 ರೂಪಾಯಿ ಮೀರಬಾರದು ಎಂದು 9ನೇ ಕಲಂ ಹೇಳುತ್ತದೆ. ಈ ಗೆರೆಯನ್ನು ದಾಟುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂದು ಹೇಳುತ್ತಲೇ, ಹಣದುಬ್ಬರಕ್ಕೆ ಹೊಂದಿಕೆಯಾಗದ ಮಿತಿಯನ್ನು ಪರಿಷ್ಕರಿಸುವ ಬಗ್ಗೆ ಯೋಚಿಸಬೇಕೆಂದು ಕರ್ನಾಟಕ ಹೈಕೋರ್ಟ್ ಕೇಂದ್ರಕ್ಕೆ ಸೂಚಿಸಿದ್ದು. ಸಂಸತ್ತು ಮಾಡಿದ ಕಾನೂನಾದ್ದರಿಂದ ನ್ಯಾಯಾಲಯ ತಾನೇ ಅಂಕಿಯನ್ನು ತಿದ್ದಿ ಬರೆಯಲಾಗದು.

ಆದಾಯ ತೆರಿಗೆ ಇಲಾಖೆ ಬಳಸುವ ವೆಚ್ಚ ಹಣದುಬ್ಬರ ಸೂಚ್ಯಂಕ 2007–08ರಲ್ಲಿ 129 ಇತ್ತು, 2025–26ಕ್ಕೆ 376. ಆ ಲೆಕ್ಕದಲ್ಲಿ ಅಂದಿನ ಹತ್ತು ಸಾವಿರಕ್ಕೆ ಇಂದಿನ ಸಮಾನ ಮೊತ್ತ ಸುಮಾರು 29,000 ರೂಪಾಯಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸಹಾಯಕಿಯ ಸಂಬಳವೊಂದೇ ನಗರಗಳಲ್ಲಿ ಹತ್ತು ಸಾವಿರವನ್ನು ದಾಟುತ್ತದೆ ಎಂಬುದಕ್ಕೆ ಸೂಚ್ಯಂಕದ ಸಾಕ್ಷಿಯೂ ಬೇಡ.

ಈ ಮಿತಿಯನ್ನೇ ತೆಗೆದುಹಾಕುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯ ಮುಂದೆ ಬಂದಿತ್ತು. ಅಳಿಯ ಸೊಸೆಯರನ್ನೂ ಮಕ್ಕಳ ವ್ಯಾಖ್ಯೆಯೊಳಗೆ ತರುವ, ಎಂಬತ್ತು ದಾಟಿದವರ ಅರ್ಜಿಯನ್ನು 60 ದಿನಗಳಲ್ಲಿ ಮುಗಿಸುವ ಪ್ರಸ್ತಾವಗಳೂ ಅದರಲ್ಲಿದ್ದವು. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು, ಆ ಲೋಕಸಭೆಯ ಅವಧಿಯೇ ಮುಗಿದು ಮಸೂದೆ ಬಿದ್ದುಹೋಯಿತು.

ಹೆಚ್ಚು ಮೊತ್ತ ಬೇಕಾದವರಿಗೆ ಇನ್ನೊಂದು ದಾರಿ ಇರುವುದು ಬಹಳ ಜನರಿಗೆ ಗೊತ್ತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಅಂದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ತಂದೆ ತಾಯಿಗೂ ಜೀವನಾಂಶ ಕೊಡಿಸುತ್ತದೆ ಮತ್ತು ಅಲ್ಲಿ ಗರಿಷ್ಠ ಮಿತಿ ಇಲ್ಲ. ಅಲ್ಲಿದ್ದ 500 ರೂಪಾಯಿಯ ಹಾಸ್ಯಾಸ್ಪದ ಮಿತಿಯನ್ನು 2001ರಲ್ಲಿ ತೆಗೆದುಹಾಕಿದ ಸಂಸತ್ತೇ ಆರು ವರ್ಷದ ನಂತರ ಹೊಸ ಕಾನೂನಿನಲ್ಲಿ ಹೊಸ ಮಿತಿ ಹಾಕಿತು ಎಂಬುದು ನಮ್ಮ ಶಾಸನ ರಚನೆಯ ಒಂದು ವಿಚಿತ್ರ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು, ಎರಡೂ ಕಡೆ ಕೇಳುವಂತಿಲ್ಲ.

ಬರೆದುಕೊಡಲು ಏನೂ ಇಲ್ಲದವರು

ಈಗ ಮತ್ತೆ ಆಸ್ಪತ್ರೆಯ ವಾರ್ಡಿಗೆ ಬರೋಣ. ಅಲ್ಲಿ ಉಳಿದುಹೋದ ವ್ಯಕ್ತಿಗೆ ಮಗನ ಹೆಸರಿಗೆ ಮಾಡಿಕೊಟ್ಟ ಆಸ್ತಿ ಇರಬೇಕು, ಅದು 2008ರ ನಂತರ ಆಗಿರಬೇಕು, ಪತ್ರದಲ್ಲಿ ಷರತ್ತು ಇರಬೇಕು, ಅದನ್ನು ಹೇಳುವಷ್ಟು ನೆನಪು ಉಳಿದಿರಬೇಕು, ಮಗನ ವಿಳಾಸ ಸಿಗಬೇಕು. ಇಷ್ಟೂ ಕೂಡಿಬರುವವರು ಎಷ್ಟು ಮಂದಿ? ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಬರುವ ಹೆಚ್ಚಿನವರು ಕೂಲಿ ಮಾಡಿ ಬದುಕಿದವರು. ಅವರ ಮಕ್ಕಳಲ್ಲಿ ಕೆಲವರು ಕಟುಕರಿರಬಹುದು, ಆದರೆ ದಿನಗೂಲಿ ಬಿಟ್ಟು ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂರಲಾಗದವರೂ ಇರುತ್ತಾರೆ. ಆಸ್ತಿಯ ಬೆದರಿಕೆ ಈ ಎರಡನೆಯವರನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೂ, ದಾಖಲಾತಿಯ ಸಮಯದಲ್ಲಿ ತಪ್ಪು ಹೆಸರು, ತಪ್ಪು ಫೋನ್ ನಂಬರ್ ಕೊಡಲು ಅದು ಇನ್ನೊಂದು ಕಾರಣವಾಗಬಹುದು.

ಇಲ್ಲಿ ನೆರವಾಗಬೇಕಾದದ್ದು 19ನೇ ಕಲಂ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಒಂದು, 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಿ ನಡೆಸಬಹುದು ಎಂದು ಅದು ಹೇಳುತ್ತದೆ. ಕರ್ನಾಟಕದ 31 ಜಿಲ್ಲೆಗಳಿಗೆ ಲೆಕ್ಕ ಹಾಕಿದರೆ 4,650 ಹಾಸಿಗೆ. ಆದರೆ ಅದು ಮಾಡತಕ್ಕದ್ದು ಎನ್ನದೆ ಮಾಡಬಹುದು ಎಂದಷ್ಟೇ ಹೇಳಿರುವುದರಿಂದ ಸರ್ಕಾರಗಳು ಅನುದಾನ ಕೊಟ್ಟು ಸ್ವಯಂಸೇವಾ ಸಂಸ್ಥೆಗಳ ಕೈಗೆ ಹೊಣೆ ದಾಟಿಸಿವೆ. ಅನುದಾನದ ಆಶ್ರಮಗಳು ಸಾಮಾನ್ಯವಾಗಿ 25 ಮಂದಿಯ ಪ್ರಮಾಣದವು. ನಡೆದಾಡಬಲ್ಲವರನ್ನು ಅವು ಸೇರಿಸಿಕೊಳ್ಳಬಲ್ಲವು. ಹಾಸಿಗೆ ಹಿಡಿದವರನ್ನು, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವಷ್ಟು ಸಿಬ್ಬಂದಿ ಅಲ್ಲಿರುವುದು ಅಪರೂಪ, ಮತ್ತು ಆಸ್ಪತ್ರೆಯಲ್ಲಿ ಉಳಿಯುವವರು ಹೆಚ್ಚಾಗಿ ಇಂಥವರೇ. ಬಿಡುಗಡೆ ಮಾಡಿ ಎಲ್ಲಿಗೆ ಕಳಿಸುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹಾಸಿಗೆ ತುಂಬಿರುತ್ತದೆ, ಆ ಹಾಸಿಗೆ ಬೇಕಾದ ಮುಂದಿನ ರೋಗಿ ಕಾರಿಡಾರಿನಲ್ಲಿರುತ್ತಾರೆ. ಹಿರಿಯರ ಹಕ್ಕುಗಳ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲೇ ಜಿಲ್ಲಾವಾರು ವೃದ್ಧಾಶ್ರಮಗಳ ಮಾಹಿತಿ ಸಂಗ್ರಹಿಸಲು, ಪಿಂಚಣಿಯ ಮೊತ್ತವನ್ನು ಮರುಚಿಂತಿಸಲು ಹೇಳಿತ್ತು.

ಪಿಂಚಣಿಯ ಕಥೆಯೂ ಹತ್ತು ಸಾವಿರದ ಮಿತಿಯಂಥದ್ದೇ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರಿಗೆ ಇಂದಿಗೂ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ಸೇರಿಸಿ ಕೊಡುತ್ತದೆ. 2007ರಲ್ಲಿ ಆರಂಭವಾದ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರಂಥವರಿಗೆ. 2021ರ ಹೆಚ್ಚಳದ ನಂತರ ಅದರ ಮೊತ್ತ 1,200 ರೂಪಾಯಿ. ಆಸ್ಪತ್ರೆಯಲ್ಲಿ ಬಿಟ್ಟುಹೋದವರ ವಿಷಯದಲ್ಲಿ ಇದೂ ಕೈಗೆ ಸಿಗುವುದು ಅನುಮಾನ, ಏಕೆಂದರೆ ಪಾಸ್‌ಬುಕ್ ಮತ್ತು ಆಧಾರ್ ಊರಿನಲ್ಲಿ ಮಗನ ಪೆಟ್ಟಿಗೆಯಲ್ಲಿರುತ್ತವೆ.

2011ರ ಜನಗಣತಿಯಲ್ಲಿ ರಾಜ್ಯದ 60 ದಾಟಿದವರು ಸುಮಾರು 58 ಲಕ್ಷ, ಜನಸಂಖ್ಯೆಯ ಶೇ 9.5ರಷ್ಟು, ದೇಶದ ಸರಾಸರಿ ಶೇ 8.6. ಅಲ್ಲಿಂದೀಚೆಗೆ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ.

ಈಗ ಇರುವ ನೆರವು

ರಾಜ್ಯದ ಯಾವ ಮೂಲೆಯಿಂದಲಾದರೂ 14567ಕ್ಕೆ ಕರೆ ಮಾಡಿದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ ಎಲ್ಡರ್‌ಲೈನ್ ಸಿಗುತ್ತದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಿಂದ ನಡೆಸಿಕೊಂಡು ಬಂದಿರುವ 1090 ಸಹಾಯವಾಣಿ, ಕರೆ ಸ್ವೀಕರಿಸುವುದಷ್ಟೇ ಅಲ್ಲದೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಕೆಲಸವನ್ನೂ ಮಾಡುತ್ತದೆ. ಜಿಲ್ಲೆಗಳಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ಇದೆ, ಹಿರಿಯ ನಾಗರಿಕರ ಗುರುತಿನ ಚೀಟಿಗೆ ಸೇವಾ ಸಿಂಧು ಪೋರ್ಟಲ್ ಇದೆ, ಪಿಂಚಣಿಗೆ ನಾಡಕಚೇರಿ.

ಕಾನೂನು ನೆರವಿನ ವಿಷಯದಲ್ಲಿ ಒಂದು ಸಂಗತಿ ಹೇಳಲೇಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಕೈಬಿಡಲ್ಪಟ್ಟ ವಿಧವೆ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದರೆ ಅರ್ಜಿ ಬರೆದುಕೊಡುವುದರಿಂದ ಹಿಡಿದು ಹೈಕೋರ್ಟ್‌ವರೆಗೆ ವಕೀಲರನ್ನು ಕೇಳಬಹುದು. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.

ಮುಂದೆ ಏನಾಗಬಹುದು

ಸಚಿವರ ಸೂಚನೆಯ ನೇರ ಪರಿಣಾಮ ಎರಡು ದಿಕ್ಕಿನಲ್ಲಿ ಇರಬಹುದು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಂದ ಎಸಿ ಕಚೇರಿಗಳಿಗೆ ವರದಿಗಳು ಹೋಗತೊಡಗಿದರೆ, ನ್ಯಾಯಮಂಡಳಿಗಳು ಸ್ವಯಂಪ್ರೇರಿತವಾಗಿ ಜೀವನಾಂಶದ ಪ್ರಕರಣ ಆರಂಭಿಸಲು ಅವು ಸಾಕಾಗುತ್ತವೆ; 24ನೇ ಕಲಂ ಅಡಿ ಪೊಲೀಸ್ ದೂರಿಗೂ ಸಾಕಾಗುತ್ತವೆ. ರದ್ದತಿಗೆ ಮಾತ್ರ ಸಾಲವು. ಇನ್ನೊಂದು ದಿಕ್ಕಿನಲ್ಲಿ, ಷರತ್ತಿನ ದಾನಪತ್ರಗಳು ಹೆಚ್ಚಿದಂತೆ ಬ್ಯಾಂಕುಗಳು ಅಂಥ ಆಸ್ತಿಯ ಮೇಲೆ ಸಾಲ ಕೊಡಲು ಹಿಂಜರಿಯಬಹುದು, ಅದಕ್ಕೆ ಹೆದರಿದ ಮಕ್ಕಳು ದಾನದ ಬದಲು ಹೆಸರಿಗೆ ಮಾತ್ರದ ಕ್ರಯಪತ್ರ ಬರೆಸಿಕೊಳ್ಳಲು ಒತ್ತಾಯಿಸಬಹುದು. ಹಣ ಕೈಗೆ ಬಾರದಿದ್ದರೂ ಬಂದಿದೆ ಎಂದು ಬರೆದುಕೊಟ್ಟ ತಂದೆಗೆ 23ನೇ ಕಲಂ ಇನ್ನೂ ದೂರವಾಗುತ್ತದೆ.

ಹತ್ತು ಸಾವಿರದ ಮಿತಿ ಬದಲಾಗಬೇಕಾದರೆ ಸಂಸತ್ತು ಹೊಸ ಮಸೂದೆ ತರಬೇಕು, ಅದು ರಾಜ್ಯದ ಕೈಯಲ್ಲಿಲ್ಲ. ಉಳಿದ ಬಹುಪಾಲು ರಾಜ್ಯದ ಕೈಯಲ್ಲೇ ಇದೆ. ಅರವತ್ತು ದಾಟಿದವರು ದಾನಪತ್ರ ನೋಂದಾಯಿಸಲು ಬಂದಾಗ ಪೋಷಣೆಯ ಷರತ್ತು ಬೇಕೇ ಬೇಡವೇ ಎಂದು ಅವರನ್ನೇ ಪ್ರತ್ಯೇಕವಾಗಿ ಕೇಳಿ ದಾಖಲಿಸಿಕೊಳ್ಳುವಂತೆ ನೋಂದಣಿ ಇಲಾಖೆಗೆ ಸುತ್ತೋಲೆ ಹೊರಡಿಸಬಹುದು. ಎಸಿ ಕಚೇರಿಗಳಲ್ಲಿ ಈ ಪ್ರಕರಣಗಳಿಗೆಂದೇ ಒಬ್ಬ ಗುಮಾಸ್ತರನ್ನೂ ನಿಗದಿತ ದಿನವನ್ನೂ ಇಡಬಹುದು. ವೈದ್ಯಕೀಯ ಕಾಲೇಜು ಇರುವ ಜಿಲ್ಲೆಗಳಿಂದ ಆರಂಭಿಸಿ, ಹಾಸಿಗೆ ಹಿಡಿದವರನ್ನೂ ಸೇರಿಸಿಕೊಳ್ಳುವ ಸರ್ಕಾರಿ ವೃದ್ಧಾಶ್ರಮಗಳನ್ನು 19ನೇ ಕಲಂ ಅಡಿಯಲ್ಲೇ ತೆರೆಯಬಹುದು. ಇವುಗಳಲ್ಲಿ ಮೊದಲ ಎರಡಕ್ಕೆ ಬೇಕಾಗಿರುವುದು ಆಡಳಿತಾತ್ಮಕ ಆದೇಶ. ಮೂರನೆಯದಕ್ಕೆ ಬಜೆಟ್‌ನಲ್ಲಿ ಹಣ.